ಹಾವಿನ ಪೊರೆಯೂ ಕಣ್ಣಿನ ಪೊರೆಯೂ

ವಾಚಕ ಮಹಾಶಯರು ಕ್ಷಮಿಸಬೇಕು. ಕಳೆದ ನಾಲ್ಕು ಸಂಚಿಕೆಗಳಲ್ಲಿ ಈ ಪುಟವು ಬರಲಿಲ್ಲ. ನಾನೂ ನನ್ನ ಗೃಹಿಣಿಯೂ ಅಮೆರಿಕಾ ದೇಶದ ಮಿಶಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದಿಂದ ಒಂದು ಗಂಟೆಯ ಹಾದಿಯಲ್ಲಿರುವ ನಮ್ಮ ಮಗಳ ಮನೆಗೆ ಹೋಗಿ, ಡಿಸೆಂಬರ್ ಮೊದಲ್ಗೊಂಡು ಮಾರ್ಚಿಯ ಕೊನೆಯವರೆಗೆ ಅಲ್ಲಿದ್ದು ಬಂದೆವು. ಹಿಂದಿರುಗಿದ ಮೇಲೆ ಮಿತ್ರರೆಲ್ಲರೂ ಹಿಮವು ಹೇಗಿತ್ತೆಂದು ಕೇಳುತ್ತಿರುವರು. ಹಿಮವು ಬೆಳ್ಳಗಿತ್ತು, ಅದಕ್ಕಿಂತ ಹೆಚ್ಚಾಗಿ ಹೇಳಬಲ್ಲಷ್ಟು ನಾನು ಹೊರಗೆ ಹೋಗಲೇ ಇಲ್ಲ. ಆ ನಾಲ್ಕು ತಿಂಗಳಲ್ಲಿ ನಾನು ಕಂಡು ಕಲಿತದ್ದೆಲ್ಲ ಮನೆಯೊಳಗಣ ಒಂದು ಗಾಜಿನ ಪೆಟ್ಟಿಗೆಯ ಮುಂದೆ. ಆ ಪೆಟ್ಟಿಗೆಯಲ್ಲಿ ಒಂದು ಹಾವಿದ್ದಿತು.

ಹಾವು ಮೊಮ್ಮಗನದು. ಅವನಿಗೆ ಹನ್ನೊಂದು ವರುಷ. ಹಗಲು ಮನೆಯಲ್ಲಿ ಯಾರೂ ಇಲ್ಲದ ಕಾರಣ ನಾಯಿಯನ್ನು ಸಾಕಲಾಗದು, ಬೆಕ್ಕಿನ ರೋಮವು ಅಳಿಯಂದಿರಿಗೆ ಆಗದು, ಆದುದರಿಂದ ಹಾವು, ಎಂದು ಮಗಳು ಸಮಾಧಾನ ಹೇಳಿದಳು. ಇಂತಹ ಅನುಮಾನಪ್ರಯೋಗವನ್ನು ನಾನು ಯಾವ ತರ್ಕಗ್ರಂಥದಲ್ಲಿಯೂ ಓದಿರಲಿಲ್ಲ. ಆ ಜಾತಿಗೆ ಅವರು ಕಾರ್ನ್ ಸ್ನೇಕ್, ಎಂದರೆ ಮುಸುಕಿನ ಜೋಳದ ಹಾವು, ಎಂದು ಹೆಸರಿಟ್ಟಿರುವರು. ಅದರ ಹೊಟ್ಟೆಯ ಕಡೆಯ ಚೌಕುಳಿಗಳು ಆ ದೇಶದ ಬಣ್ಣಬಣ್ಣದ ಜೋಳದ ಕಾಳುಗಳ ಸಾಲನ್ನು ಹೋಲುವುವು. ಅಮೆರಿಕದ ಆಗ್ನೇಯ ಭಾಗವು ಅದರ ಹುಟ್ಟುನಾಡು. ವಿಷವಿಲ್ಲ, ಇಲಿಯನ್ನು ಸುತ್ತಿ ಬಿಗಿದು ಕೊಂದು ನುಂಗುವ ಜಾತಿ. ಬೆಳೆದರೆ ಮೂರರಿಂದ ಐದು ಅಡಿ. ಚೆನ್ನಾಗಿ ಸಾಕಿದರೆ ಹದಿನೈದು ಇಪ್ಪತ್ತು ವರುಷ ಬದುಕುವುದುಂಟು. ಮೊಮ್ಮಗನದು ಇನ್ನೂ ಎಳೆಯದು, ಎರಡೂವರೆ ಅಡಿಗೆ ಸ್ವಲ್ಪ ಮೀರಿದ್ದು. ಮೈಬಣ್ಣ ಕೇಸರಿಭಾತಿನದು, ಹೆಸರೂ ಕೇಸರಿಯೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಕೂಡದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣೆಯ ಶಾಸನದಂತೆ ನಮ್ಮ ಕಾಡುಮೇಡುಗಳ ಹಾವನ್ನು ಹಿಡಿದು ಮನೆಯಲ್ಲಿಡುವುದು ಅಪರಾಧ. ಇದನ್ನೋದಿದ ಯಾವ ಬಾಲಕನೂ ಹಿತ್ತಲಿನ ಕೇರೆಹಾವಿನ ಹಿಂದೆ ಬುಟ್ಟಿ ಹಿಡಿದು ಹೋಗತಕ್ಕದ್ದಲ್ಲ.

ನನ್ನ ಗೃಹಿಣಿಯು ಆ ಕೊಠಡಿಯ ಹೊಸ್ತಿಲನ್ನು ಕೊನೆಯವರೆಗೂ ದಾಟಲಿಲ್ಲ. ಪ್ರತಿದಿನವೂ ಸ್ನಾನವಾದ ಮೇಲೆ ಬಾಗಿಲಲ್ಲಿ ನಿಂತು ಕೈಮುಗಿಯುವಳು, ಹೊರಟುಹೋಗುವಳು. ಅಡಿಗೆಮನೆಯ ಶೀತಪೆಟ್ಟಿಗೆಯಲ್ಲಿ ಹಾವಿನ ಆಹಾರಕ್ಕಾಗಿ ಹೆಪ್ಪುಗಟ್ಟಿಸಿದ ಇಲಿಮರಿಗಳ ಪೊಟ್ಟಣವಿದೆಯೆಂದು ತಿಳಿದ ದಿನ ಮಾತ್ರ ಮನೆಯಲ್ಲಿ ಒಂದು ಸಣ್ಣ ಕುರುಕ್ಷೇತ್ರವೇ ನಡೆಯಿತು. ಕಡೆಗೆ ಆ ಪೊಟ್ಟಣಕ್ಕೋಸ್ಕರ ಮೋಟಾರುಖಾನೆಯಲ್ಲಿ ಬೇರೊಂದು ಪೆಟ್ಟಿಗೆ ಬಂದ ಮೇಲೆ ಸಂಧಿಯಾಯಿತು.

ಹಾವಿನ ಪೊರೆಯ ವಿಷಯದಲ್ಲಿ ನಾನು ತಿಳಿದುಕೊಂಡಿದ್ದುದೆಲ್ಲ ಗ್ರಂಥಗಳಿಂದ. ಅಮರಸಿಂಹನು ಅದಕ್ಕೆ ಕಂಚುಕ, ನಿರ್ಮೋಕ ಎಂಬ ಎರಡು ಹೆಸರುಗಳನ್ನು ಕೊಟ್ಟಿರುವನು. ಕಂಚುಕವೆಂದರೆ ಕುಪ್ಪಸ, ನಿರ್ಮೋಕವೆಂದರೆ ಕಳಚಿ ಬಿಟ್ಟದ್ದು. ಬೃಹದಾರಣ್ಯಕೋಪನಿಷತ್ತಿನಲ್ಲಿ, ಕಾಮನೆಗಳನ್ನು ಬಿಟ್ಟ ಜ್ಞಾನಿಯ ಶರೀರವು ಹುತ್ತದ ಮೇಲೆ ಬಿಸುಟ ಹಾವಿನ ಪೊರೆಯಂತೆ ಬಿದ್ದಿರುವುದೆಂಬ ದೃಷ್ಟಾಂತವಿದೆ. ಮೂವತ್ತು ವರುಷಗಳಿಗೂ ಮಿಕ್ಕಿ ಈ ದೃಷ್ಟಾಂತವನ್ನು ಮೇಲಿನ ತರಗತಿಯ ಹುಡುಗರಿಗೆ ಹೇಳಿದ್ದೇನೆ. ಉತ್ತರೀಯವನ್ನು ಭುಜದಿಂದ ಜಾರಿಸಿ, "ಇಷ್ಟು ಸುಲಭವಾಗಿ!" ಎಂದು ಅಭಿನಯಿಸಿಯೂ ತೋರಿಸಿದ್ದೇನೆ. ಹಾವಿಗೆ ಅದು ಸುಲಭವಲ್ಲದೆಯೂ ಹೋಗಬಹುದೆಂಬುದು ಒಮ್ಮೆಯಾದರೂ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ನಾವು ಹೋದ ಎರಡನೆಯ ವಾರದಲ್ಲಿ ಕೇಸರಿಗೆ ಪೊರೆ ಬಂದಿತು. ಮೊದಲು ಮೈಯ ಹೊಳಪು ಅಡಗಿ, ಬಣ್ಣವು ಧೂಳು ಕವಿದಂತಾಯಿತು. ಅನಂತರ ಕಣ್ಣುಗಳೆರಡೂ ನೀರು ಬೆರಸಿದ ಹಾಲಿನಂತೆ ನೀಲಿಗಟ್ಟಿದುವು. ಆಹಾರ ಬೇಡವಾಯಿತು, ಹಗಲೂ ರಾತ್ರಿಯೂ ಮರದ ತೊಗಟೆಯ ಅಡಿಯಲ್ಲಿ ಅಡಗಿರುತ್ತಿತ್ತು. ಈ ಕಾಲದಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣದು, ಮುಟ್ಟಕೂಡದು, ಎಂದು ಹುಡುಗನು ನನಗೆ ಮೊದಲೇ ಎಚ್ಚರಿಕೆ ಕೊಟ್ಟನು. ನಮ್ಮ ಕಡೆಯಲ್ಲಿ ಪೊರೆ ಬಂದ ಹಾವು ಬಲು ಕೋಪದ್ದೆಂದು ಹೇಳುವರಷ್ಟೆ. ಅದು ಕೋಪವಲ್ಲ, ಕಾಣದ ಪ್ರಾಣಿಯ ಭಯ. ಕೆಲವು ದಿನಗಳಾದ ಮೇಲೆ ಕಣ್ಣಿನ ನೀಲಿಯು ತಾನಾಗಿ ತಿಳಿಯಾಯಿತು. ಎಲ್ಲವೂ ಮುಗಿಯಿತೆಂದು ನಾನು ಎಣಿಸಿದೆನು; ಅದು ಪೊರೆ ಕಳಚುವ ಮುನ್ಸೂಚನೆಯಂತೆ. ಮೂರನೆಯ ಸಾಯಂಕಾಲ ಹಾವು ತನ್ನ ಮೂತಿಯನ್ನು ಒಂದು ಒರಟು ಕಲ್ಲಿಗೆ ಉಜ್ಜತೊಡಗಿತು. ತುಟಿಯ ಅಂಚಿನಲ್ಲಿ ಚರ್ಮವು ಬಿಟ್ಟುಕೊಂಡು ತಲೆಯ ಮೇಲಿನಿಂದ ಹಿಂದಕ್ಕೆ ಮಡಿಸಿತು. ಅಲ್ಲಿಂದ ಮುಂದೆ ಹಾವು ಕಡ್ಡಿಗಳ ಸಂದಿಯಲ್ಲಿ ನುಸುಳಿ ಮುಂದೆ ಹೋಗುತ್ತ ಹೋಗುತ್ತ, ನಾವು ಕಾಲುಚೀಲವನ್ನು ಒಳಹೊರಗು ಮಾಡಿ ಎಳೆದು ತೆಗೆಯುವಂತೆ, ಪೊರೆಯನ್ನು ತಿರುವಿಹಾಕಿ ಹೊರಬಂದಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಹುಡುಗನು ಆ ಪೊರೆಯನ್ನು ಬೆಳಕಿಗೆ ಹಿಡಿದು ತಲೆಯ ಭಾಗವನ್ನೇ ನೋಡಿದನು. ಅಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿದ ಎರಡು ಪುಟ್ಟ ಬಿಲ್ಲೆಗಳಿದ್ದುವು. "ಕಣ್ಣುಗಳು ಬಂದಿವೆ" ಎಂದನು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುವುದು, ಪೊರೆಯೊಡನೆ ಅದೂ ಕಳಚಿ ಹೊಸದು ಬರುವುದು. ಅಮರಕೋಶದ ಸರ್ಪನಾಮಗಳನ್ನೆಲ್ಲ ಬಾಯಿಪಾಠ ಹೇಳಬಲ್ಲ ನನಗೆ ಇದನ್ನು ಹನ್ನೊಂದು ವರುಷದ ಬಾಲಕನು ಹೇಳಬೇಕಾಯಿತು.

ಹಳೆಯ ಚರ್ಮವು ಹೋಗುವುದಕ್ಕೆ ಮೊದಲೇ ಕೆಳಗೆ ಹೊಸ ಚರ್ಮವು ಪೂರ್ತಿಯಾಗಿ ಸಿದ್ಧವಾಗಿರುವುದು. ಎರಡರ ನಡುವೆ ಒಂದು ದ್ರವವು ತುಂಬಿಕೊಂಡು ಅವುಗಳನ್ನು ಬೇರ್ಪಡಿಸುವುದು; ಕಣ್ಣಿನ ನೀಲಿಗೆ ಇದೇ ಕಾರಣ. ಹಾವಿನ ಮೈಯಲ್ಲಿಯೂ ಸುತ್ತಣ ಗಾಳಿಯಲ್ಲಿಯೂ ಸಾಕಷ್ಟು ನೀರಿಲ್ಲದಿದ್ದರೆ ಈ ಬೇರ್ಪಡೆ ಕೆಟ್ಟು, ಹಳೆಯದು ಹೊಸದಕ್ಕೆ ಅಂಟಿಕೊಂಡು ಒಣಗುವುದು. ಎಳೆಯ ಹಾವು ನಾಲ್ಕಾರು ವಾರಗಳಿಗೊಮ್ಮೆ ಪೊರೆ ಬಿಡುವುದರಿಂದ ಈ ಗಂಡಾಂತರವೂ ಅಷ್ಟಷ್ಟು ಸಲ ಬರುವುದು.

ಜನವರಿಯಲ್ಲಿ ಚಳಿಯು ವಿಪರೀತವಾಯಿತು. ಉಷ್ಣಮಾಪಕವು ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯಿತು. ಗಾಜಿನ ಪೆಟ್ಟಿಗೆಯು ಕಿಟಕಿಯ ಬಳಿ ಒಂದು ಗಾಲಿಮೇಜಿನ ಮೇಲಿತ್ತು. ಕಿಟಕಿಯಾಚೆ ಹಿಮ, ಈಚೆ ಆ ಬಡಪ್ರಾಣಿ, ನನಗೆ ಕನಿಕರವಾಯಿತು. ಪೆಟ್ಟಿಗೆಯ ಕೆಳಗೆ ಕಾವಿನ ಹಾಸು ಇದೆಯೆಂದು ಹುಡುಗನು ತೋರಿಸಿದ್ದರೂ, ಅಷ್ಟರಿಂದ ಏನಾದೀತೆಂದು, ಮೇಜನ್ನು ತಳ್ಳಿಕೊಂಡು ಹೋಗಿ, ನೆಲದಲ್ಲಿ ಬಿಸಿಗಾಳಿ ಬರುವ ಜಾಲಂಧ್ರದ ಮಗ್ಗುಲಲ್ಲಿ ನಿಲ್ಲಿಸಿದೆನು. ಹುಡುಗನು ನೋಡಿದನು, ತಾತನ ಮರ್ಯಾದೆಗೆ ಸುಮ್ಮನಾದನು. ಹೊರಗಿನ ಅತಿಶೀತವಾದ ಗಾಳಿಯಲ್ಲಿ ನೀರಿನ ಅಂಶವು ಅತ್ಯಲ್ಪ. ಆ ಗಾಳಿಯನ್ನೇ ಒಳಗೆ ಕಾಯಿಸಿದರೆ ಅದು ಸಿಕ್ಕ ತೇವವನ್ನೆಲ್ಲ ಕುಡಿದುಬಿಡುವುದು. ನನ್ನ ತುಟಿಗಳೂ ಅಂಗೈಗಳೂ ಒಡೆದಿದ್ದುವು. ಗೃಹಿಣಿಯು ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಆದರೂ ನಾನು ಎರಡನ್ನೂ ಕೂಡಿಸಿ ನೋಡಲಿಲ್ಲ. ಹಾವಿನ ನೀರಿನ ಬೋಗುಣಿಯು ಎರಡೇ ದಿನದಲ್ಲಿ ಬತ್ತುತ್ತಿದ್ದಾಗ, ಪಾಪ, ಬಾಯಾರಿಕೆ ಹೆಚ್ಚಿದೆ, ಎಂದು ತುಂಬಿಸುತ್ತಿದ್ದೆನು.

ತಿಂಗಳ ಕೊನೆಯಲ್ಲಿ ಮತ್ತೆ ಪೊರೆ ಬಂದಿತು. ಕಣ್ಣು ನೀಲಿಯಾಯಿತು, ತಿಳಿಯಾಯಿತು, ಹಾವು ಮೂತಿಯನ್ನು ಉಜ್ಜಿತು. ಆದರೆ ಪೊರೆಯು ಚೂರುಚೂರಾಗಿ ಹರಿಯಿತು. ಮಾರನೆಯ ದಿನ ನೋಡಿದರೆ, ಹರಕು ಅಂಗಿಯ ಭಿಕ್ಷುಕನಂತೆ, ಬೆನ್ನಿನ ಮೇಲೆ ತೇಪೆಗಳು, ಕುತ್ತಿಗೆಯ ಸುತ್ತ ಒಂದು ಬಳೆ, ಬಾಲದ ತುದಿಗೆ ದರ್ಜಿಯ ಬೆರಳುಟೊಪ್ಪಿಗೆಯಂತಹ ಒಂದು ಒರೆ. ಕಣ್ಣುಗಳೆರಡೂ ಮಂಕಾಗಿ, ಮೇಲೆ ಸುಕ್ಕುಗಟ್ಟಿದ್ದುವು.

ಮನೆಯಲ್ಲಿ ಎಲ್ಲರೂ ಹೊರಗೆ ಹೋಗಿದ್ದರು. ನಾನು ಹಾವನ್ನು ಎತ್ತಿಕೊಂಡು ಕುಳಿತು, ಬೆನ್ನಿನ ಒಂದು ತೇಪೆಯನ್ನು ಉಗುರಿನಿಂದ ಕೆದಕಿದೆನು. ಎರಡಂಗುಲ ಸುಖವಾಗಿ ಬಂದಿತು. ಆ ಸುಖವೇ ಕೆಟ್ಟದ್ದು; ಗೋಡೆಯ ಹಳೆಯ ಸುಣ್ಣವನ್ನು ಹೆರೆಯುವವನಿಗೆ ಕೈ ನಿಲ್ಲದಂತೆ ನನಗೂ ನಿಲ್ಲಲಿಲ್ಲ. ಕುತ್ತಿಗೆಯ ಬಳೆಯನ್ನು ಹಿಡಿದೆಳೆದೆನು. ಹಾವು ಥಟ್ಟನೆ ಮೈ ಕೊಡವಿತು. ಪೊರೆಯೊಡನೆ ಕೆಳಗಿನ ಮೂರು ಹುರುಪೆಗಳು ಎದ್ದು, ಅಲ್ಲಿ ಎಳೆಗೆಂಪಾದ ಮಾಂಸವು ಕಂಡು ಒದ್ದೆಯಾಯಿತು. ಅಷ್ಟಕ್ಕೂ ನಾನು ನಿಲ್ಲುವವನಲ್ಲ. ಮೈಯದು ಹೇಗಾದರೂ ಇರಲಿ, ಕಣ್ಣಿನದನ್ನು ತೆಗೆದುಬಿಟ್ಟರೆ ಪ್ರಾಣಿಗೆ ದಾರಿಯಾದರೂ ಕಂಡೀತು, ಎಂದು ಕನ್ನಡಕವನ್ನು ಸರಿಮಾಡಿಕೊಂಡೆನು. ಅಷ್ಟರಲ್ಲಿ ಹುಡುಗನು ಶಾಲೆಯಿಂದ ಬಂದನು.

ನನ್ನ ಬುದ್ಧಿಯು ಏಕೆ ಹಾಗೆ ಓಡಿತೆಂಬುದನ್ನು ಹೇಳಬೇಕು. ಹಿಂದಿನ ವರುಷ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಒಬ್ಬ ನೇತ್ರವೈದ್ಯರು ಇಪ್ಪತ್ತು ನಿಮಿಷದಲ್ಲಿ ಅದನ್ನು ತೆಗೆದರು. ಮಾರನೆಯ ದಿನವೇ ಪಂಚಾಂಗದ ಸಣ್ಣಕ್ಷರವನ್ನು ಓದಿದೆನು. ಹಾವಿನ ಚರ್ಮಕ್ಕೂ ಮನುಷ್ಯನ ಕಣ್ಣಿನ ರೋಗಕ್ಕೂ ಕನ್ನಡವು ಪೊರೆಯೆಂಬ ಒಂದೇ ಮಾತನ್ನು ಕೊಟ್ಟಿದೆ. ಸಂಸ್ಕೃತದಲ್ಲಿ ಈ ತೊಡಕಿಲ್ಲ; ಹಾವಿನದು ನಿರ್ಮೋಕ, ಕಣ್ಣಿನದನ್ನು ಸುಶ್ರುತನು ಲಿಂಗನಾಶವೆನ್ನುವನು. ಆದರೆ ಮನುಷ್ಯನು ಗಾಬರಿಯಲ್ಲಿ ಆಲೋಚಿಸುವುದು ತಾಯಿಯ ಭಾಷೆಯಲ್ಲಿ. ಪೊರೆಯೆಂದರೆ ತೆಗೆಯತಕ್ಕದ್ದು ಎಂದು ನಿಶ್ಚಯಿಸಿಬಿಟ್ಟಿದ್ದೆನು. ಇದನ್ನೇ ಹುಡುಗನಿಗೂ ಹೇಳಿದೆನು. ಅವನು ಅಳುತ್ತಲೇ, "ತಾತ, ನಿಮ್ಮ ಕಣ್ಣಿನ ಪೊರೆಯನ್ನು ಅಜ್ಜಿ ಉಗುರಿನಿಂದ ಕಿತ್ತಳೇ?" ಎಂದು ಕೇಳಿದನು. ಇಷ್ಟು ವರುಷದ ಉಪಾಧ್ಯಾಯವೃತ್ತಿಯಲ್ಲಿ ಯಾವ ಶಿಷ್ಯನೂ ನನ್ನನ್ನು ಹೀಗೆ ನಿರುತ್ತರನನ್ನಾಗಿ ಮಾಡಿರಲಿಲ್ಲ. ಹಾವನ್ನು ಅವನ ಕೈಗೆ ಕೊಟ್ಟೆನು.

ಸರೀಸೃಪಗಳನ್ನು ನೋಡುವ ಪಶುವೈದ್ಯೆಯೊಬ್ಬರು ಅಲ್ಲಿಂದ ನಲವತ್ತು ಮೈಲಿಯಾಚೆ ಇದ್ದರು. ಮೂರನೆಯ ದಿನಕ್ಕೆ ಸಮಯ ದೊರೆಯಿತು. (ಅವರ ಶುಲ್ಕವನ್ನು ರೂಪಾಯಿಗೆ ತಿರುಗಿಸಿ ಲೆಕ್ಕಹಾಕಕೂಡದೆಂದು ಮಗಳು ಆಜ್ಞಾಪಿಸಿರುವುದರಿಂದ ಇಲ್ಲಿ ಬರೆಯುವುದಿಲ್ಲ.) ಅವರು ದೂರವಾಣಿಯಲ್ಲಿ ಮೊದಲು ಕೇಳಿದ ಪ್ರಶ್ನೆ, ಪೆಟ್ಟಿಗೆಯು ಎಲ್ಲಿದೆ ಎಂಬುದು. ಹುಡುಗನು ತೇವಮಾಪಕವನ್ನು ಇಟ್ಟು ನೋಡಿದನು. ನೂರಕ್ಕೆ 18 ಇತ್ತು. ಈ ಜಾತಿಗೆ 40ರಿಂದ 60ರವರೆಗೆ ಇರತಕ್ಕದ್ದು. ಪೊರೆಯ ಕಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚಾಗಿರಬೇಕು. ಮೇಜನ್ನು ಹಿಂದಕ್ಕೆ ತಳ್ಳುವ ಕೆಲಸವನ್ನು ನಾನೇ ಮಾಡಿದೆನು.

ವೈದ್ಯೆಯು ಹಾವನ್ನು ಭೂತಗನ್ನಡಿಯಲ್ಲಿ ಮೂತಿಯಿಂದ ಬಾಲದವರೆಗೆ ನೋಡಿದರು. ಹುರುಪೆಗಳ ಸಂದಿಯಲ್ಲಿ ನುಸಿಗಳಿದ್ದರೂ, ಒಳಗೆ ಬೇರೆ ರೋಗವಿದ್ದರೂ ಪೊರೆಯು ಹೀಗೆ ನಿಲ್ಲುವುದಂತೆ. ಅಂತಹದೇನೂ ಇರಲಿಲ್ಲ, ಬಿಸಿಗಾಳಿಯೊಂದೇ ಕಾರಣ. ಕುತ್ತಿಗೆಯ ಗಾಯವನ್ನು ಯಾರು ಮಾಡಿದರೆಂದು ಕೇಳಿದಾಗ ಹುಡುಗನು ಬಾಯಿ ತೆರೆಯಲಿಲ್ಲ. ನಾನು ಒಪ್ಪಿಕೊಂಡೆನು. ಆಕೆ ಗದರಲಿಲ್ಲ, ಒಂದು ಕಾಗದದ ಮೇಲೆ ಎರಡು ಕಣ್ಣುಗಳನ್ನು ಬರೆದರು. ಒಂದು ನನ್ನದು: ಅದರಲ್ಲಿ ಕೆಟ್ಟಿದ್ದುದು ಕಣ್ಣಿನ ಒಳಗಿನ ಮಸೂರ, ಅದನ್ನು ತೆಗೆದು ಬೇರೊಂದನ್ನು ಇಟ್ಟಿರುವರು. ಇನ್ನೊಂದು ಹಾವಿನದು: ಒಳಗೆ ಕಣ್ಣು ಸ್ವಸ್ಥವಾಗಿದೆ, ಅದರ ಮುಂದೆ ಕಣ್ಣೀರಿನ ತೆಳುವಾದ ಪದರ, ಅದರ ಮುಂದೆ ಹೊಸ ಹುರುಪೆ, ಎಲ್ಲಕ್ಕೂ ಹೊರಗೆ ಅಂಟಿಕೊಂಡ ಹಳೆಯ ಹುರುಪೆ. ಹಳೆಯದನ್ನು ಬಲಾತ್ಕಾರವಾಗಿ ಕಿತ್ತರೆ ಹೊಸದೂ ಅದರೊಡನೆ ಬಂದುಬಿಡಬಹುದು. ಆಗ ರೆಪ್ಪೆಯಿಲ್ಲದ ಕಣ್ಣು ಬಯಲಿಗೆ ಬಿದ್ದು, ಒಣಗಿ, ಹುಣ್ಣಾಗಿ ನಾಶವಾಗುವುದು. ಅಂಟುಪಟ್ಟಿಯನ್ನು ಕಣ್ಣಿಗೆ ಒತ್ತಿ ಎಳೆಯುವವರೂ, ಚಿಮಟ ಹಿಡಿಯುವವರೂ ಇರುವರಂತೆ. "ನೀವು ಉಗುರಿನಲ್ಲೇ ನಿಲ್ಲಿಸಿದಿರಿ" ಎಂದರು. ನಿಲ್ಲಿಸಿದವನು ನಾನಲ್ಲವೆಂಬುದನ್ನೂ ಹೇಳಿದೆನು.

ಆದರೆ ಬಾಲದ ವಿಷಯದಲ್ಲಿ ಅವರು ಕಾಯುವುದಕ್ಕೆ ಒಪ್ಪಲಿಲ್ಲ. ಒಣಗಿದ ಒರೆಯು, ಬೆರಳಿಗೆ ಸುತ್ತಿದ ದಾರದಂತೆ, ದಿನದಿನಕ್ಕೆ ಬಿಗಿಯುವುದು. ಹೀಗೆಯೇ ಒಂದೆರಡು ಪೊರೆಗಳು ಒಂದರ ಮೇಲೊಂದು ನಿಂತರೆ ರಕ್ತವು ಹರಿಯದೆ ಬಾಲದ ತುದಿಯು ಕಪ್ಪಾಗಿ ಉದುರಿಹೋಗುವುದು. ಕಣ್ಣಿನದು ಕಾಯಬಲ್ಲದು, ಬಾಲದ್ದು ಕಾಯಲಾರದು. ನಾನಾದರೋ ಬಾಲವನ್ನು ಬಿಟ್ಟು ಕಣ್ಣಿಗೆ ಕೈಯಿಟ್ಟಿದ್ದೆನು.

ಅವರು ಮಾಡಿಸಿದ ಉಪಚಾರವು ಹೀಗಿತ್ತು. ಮುಚ್ಚಳಕ್ಕೆ ರಂಧ್ರಗಳಿರುವ ಒಂದು ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರು, 29 ಅಥವಾ 30 ಡಿಗ್ರಿ, ಎಂದರೆ ನಮ್ಮ ಕೈಗೆ ಬಿಸಿಯೆಂದು ತೋರಲೇಕೂಡದು. ನೀರಿನ ಆಳವು ಹಾವಿನ ಮೈ ದಪ್ಪಕ್ಕಿಂತ ಹೆಚ್ಚಾಗಿರಬಾರದು. ಅದು ತಲೆಯೆತ್ತಿ ಸುಖವಾಗಿ ಉಸಿರಾಡುವಂತಿರಬೇಕು. ಅದರಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಯಾರಾದರೊಬ್ಬರು ಅಲ್ಲಿಯೇ ಕುಳಿತಿರಬೇಕು. ಒಲೆಯ ಮೇಲೆ ಸಾರು ಇಟ್ಟು ಹೋದಂತೆ ಹೋಗಕೂಡದು. ಆಮೇಲೆ ಒಂದು ಒರಟಾದ ಒದ್ದೆ ಬಟ್ಟೆಯನ್ನು ಸಡಿಲವಾಗಿ ಹಿಡಿದು, ಅದರೊಳಗಿಂದ ಹಾವು ತಾನಾಗಿಯೇ ನುಸುಳಿಹೋಗುವಂತೆ ಬಿಡಬೇಕು. ಎಳೆಯುವವರು ನಾವಲ್ಲ, ಹಾವು ಮುಂದೆ ಹೋಗುವುದು, ಬಟ್ಟೆಯು ಹಿಂದೆ ನಿಲ್ಲುವುದು. ಬರದಿದ್ದರೆ ನಾಳೆ ಮತ್ತೊಮ್ಮೆ. ಪೆಟ್ಟಿಗೆಯೊಳಗೆ ಒಂದು ಮುಚ್ಚಿದ ಕಿರುಪೆಟ್ಟಿಗೆಯನ್ನಿಟ್ಟು, ಹಿಂಡಿದ ಒದ್ದೆ ಪಾಚಿಯನ್ನು ತುಂಬಿ, ಪಕ್ಕದಲ್ಲಿ ಬಾಗಿಲು ಕೊರೆದಿಡಬೇಕು. ಹಾವು ಬೇಕಾದಾಗ ಒಳಗೆ ಹೋಗಿ ಮಲಗುವುದು. ನನ್ನ ಗೃಹಿಣಿಯು ಹರಳೆಣ್ಣೆಯನ್ನು ಕೇಳಿಸಿ ನೋಡೆಂದು ಹೇಳಿ ಕಳುಹಿಸಿದ್ದಳು. ಎಣ್ಣೆ ಬೇಡ, ಬೇಕಾದುದು ನೀರು, ಎಂದರು.

ಎರಡು ದಿನದ ಸ್ನಾನದಲ್ಲಿ ಬೆನ್ನಿನದೂ ಕುತ್ತಿಗೆಯದೂ ಮೆತ್ತಗಾಗಿ ಬಟ್ಟೆಗೆ ಬಂದುವು. ಬಾಲದ ಒರೆಯನ್ನು ವೈದ್ಯೆಯು ಒದ್ದೆ ಅರಳೆಯಿಂದ ಬಹಳ ಹೊತ್ತು ತಿಕ್ಕಿ, ತುದಿಯ ಕಡೆಗೆ ಜಾರಿಸಿ ತೆಗೆದರು. ಕೆಳಗೆ ಬಾಲವು ಕೆಂಪಾಗಿತ್ತು, ಕಪ್ಪಾಗಿರಲಿಲ್ಲ. ಎಡಗಣ್ಣಿನ ಹುರುಪೆಯು ಮೂರನೆಯ ಸ್ನಾನದ ಅನಂತರ ಬಟ್ಟೆಯಲ್ಲಿ ಸಿಕ್ಕಿತು. ಬಲಗಣ್ಣಿನದು ಜಪ್ಪಯ್ಯ ಎನ್ನಲಿಲ್ಲ. ಅದನ್ನು ಹಾಗೆಯೇ ಬಿಡಿ, ಮುಂದಿನ ಪೊರೆಯೊಡನೆ ಬರಲಿ, ಎಂದು ಆಕೆಯ ಅಪ್ಪಣೆಯಾಯಿತು.

ಈ ಕಾಯುವಿಕೆಯು ಆರು ವಾರಗಳದಾಯಿತು. ಒಕ್ಕಣ್ಣಿನ ಹಾವು ಇಲಿಯನ್ನು ಹಿಡಿಯಹೋಗಿ ಬಲಕ್ಕೆ ತಪ್ಪುತ್ತಿತ್ತು. ಅಮರನು ಹಾವಿಗೆ ಚಕ್ಷುಃಶ್ರವವೆಂದು, ಕಣ್ಣಿನಿಂದಲೇ ಕೇಳುವುದೆಂದು, ಹೆಸರು ಕೊಟ್ಟಿರುವನು. ಈಗಿನವರು ಅದು ನೆಲದ ಅದುರನ್ನು ದವಡೆಯಿಂದ ಗ್ರಹಿಸುವುದೆಂದೂ, ಗಾಳಿಯ ಶಬ್ದವನ್ನೂ ಸ್ವಲ್ಪಮಟ್ಟಿಗೆ ತಿಳಿಯುವುದೆಂದೂ ಕಂಡಿರುವರು. ನಾನು ಹತ್ತಿರ ಹೋದಾಗ ಅದು ತಲೆಯನ್ನು ಓರೆಮಾಡಿ ಎಡಗಣ್ಣನ್ನು ನನ್ನ ಕಡೆಗೆ ತಿರುಗಿಸುತ್ತಿದ್ದುದನ್ನು ಕಂಡರೆ, ಶಸ್ತ್ರಚಿಕಿತ್ಸೆಗೆ ಮುಂಚೆ ನಾನು ಪತ್ರಿಕೆಯನ್ನು ಓರೆಮಾಡಿ ಹಿಡಿಯುತ್ತಿದ್ದುದು ಜ್ಞಾಪಕಕ್ಕೆ ಬರುತ್ತಿತ್ತು. ಹುಡುಗನು ಬೆಳಗ್ಗೆ ಸಂಜೆ ಮಾಪಕವನ್ನು ಓದಿ ಒಂದು ಪುಸ್ತಕದಲ್ಲಿ ಬರೆಯುವನು. ಪಾಚಿಗೆ ನೀರು ಚಿಮುಕಿಸುವ ಕೆಲಸ ನನ್ನದಾಯಿತು. ಬರೆದಿಟ್ಟ ಅಂಕಿಗಳು 52, 55, 58 ಎಂದು ಇರುವುದನ್ನು ನೋಡಿದರೆ ಪರೀಕ್ಷೆಯಲ್ಲಿ ತೇರ್ಗಡೆಯಾದಷ್ಟು ಸಂತೋಷವಾಗುತ್ತಿತ್ತು.

ಮಾರ್ಚಿಯ ಎರಡನೆಯ ವಾರದ ಒಂದು ಬೆಳಗ್ಗೆ ನೋಡಿದರೆ, ಪಾಚಿಯ ಪೆಟ್ಟಿಗೆಯ ಬಾಗಿಲಿನಿಂದ ಆಚೆಯ ಕಲ್ಲಿನವರೆಗೆ ಇಡಿಯ ಪೊರೆಯು ಉದ್ದವಾಗಿ ಬಿದ್ದಿತ್ತು. ರಾತ್ರಿ ಯಾರನ್ನೂ ಎಬ್ಬಿಸದೆ ಹಾವು ತನ್ನ ಕೆಲಸವನ್ನು ತಾನೇ ಮಾಡಿ ಮುಗಿಸಿತ್ತು. ಹುಡುಗನು ಅಳೆದನು: ಹಾವಿನ ಉದ್ದ ಎರಡಡಿ ಎಂಟಂಗುಲ, ಪೊರೆಯದು ಮೂರಡಿ, ಕಳಚುವಾಗ ಅದು ಹಿಗ್ಗುವುದು. ತಲೆಯ ಭಾಗದಲ್ಲಿ ಎರಡು ಬಿಲ್ಲೆಗಳಿದ್ದುವು. ಬಲಗಡೆಯದನ್ನು ಸೂಜಿಯ ತುದಿಯಿಂದ ಬಿಡಿಸಿದಾಗ ಎರಡು ಪದರಗಳು ಒಂದರೊಳಗೊಂದು ಕುಳಿತಿದ್ದುದು ಕಂಡಿತು. ಗೃಹಿಣಿಯು ಬಾಗಿಲಲ್ಲಿ ನಿಂತು, "ಕಣ್ಣು ಬಂದಿತೇ?" ಎಂದು ಕೇಳಿದಳು. ಬಂದಿತೆಂದೆನು. ಕೈಮುಗಿದು ಹೊರಟುಹೋದಳು.

ಕುತ್ತಿಗೆಯಲ್ಲಿ ನನ್ನ ಉಗುರು ತಾಕಿದ ಕಡೆ ಮೂರು ಹುರುಪೆಗಳು ವಕ್ರವಾಗಿಯೇ ಬೆಳೆದಿವೆ. ಗಾಯದ ಕಲೆಯಿರುವ ಕಡೆ ಪೊರೆಯು ಮುಂದೆಯೂ ಅಂಟಿ ನಿಲ್ಲಬಹುದೆಂದು ವೈದ್ಯೆಯು ಹೇಳಿರುವರು. ಇನ್ನು ಆ ಹಾವು ಬದುಕಿರುವಷ್ಟು ಕಾಲವೂ ಪ್ರತಿಸಲವೂ ಅಲ್ಲಿ ನೋಡಬೇಕು. ಮೊನ್ನೆ ಹುಡುಗನು ದೂರವಾಣಿಯಲ್ಲಿ ಮಾತನಾಡುತ್ತ, ಕೇಸರಿಗೆ ಮತ್ತೆ ಪೊರೆ ಹೋಯಿತೆಂದನು. ಕುತ್ತಿಗೆಯದೋ ಎಂದು ಕೇಳಿದೆನು. "ಸ್ವಲ್ಪ ನಿಂತಿತ್ತು ತಾತ, ಅದೇ ಜಾಗದಲ್ಲಿ. ಒದ್ದೆ ಬಟ್ಟೆಯಲ್ಲಿ ಬಿಟ್ಟೆ, ಎರಡನೆಯ ದಿನ ಬಂತು" ಎಂದನು.